ಬೆನ್ನ ಹಿಂದಿನ ಕೈ

ಅತ್ತೆಯ ಕಣ್ಣು ಹೋಗಿದೆ ಎಂದು ನಮಗೆ ತಿಳಿದದ್ದು ಗೋಡೆಯ ಮೇಲಿನ ಫೋಟೋದಿಂದ. ಸ್ಟುಡಿಯೋದ ದಸ್ತಗೀರ್ ಚಾಚಾ ಚಹಾಕ್ಕೆ ಬಂದಿದ್ದರು. ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಮೊದಲು ಗೋಡೆಯ ಫೋಟೋಗಳನ್ನು ನೋಡಿ ಆಮೇಲೆ ಕೂರುವುದು ರೂಢಿ. ಚಾಚಾ ನೋಡಿದರು. ಆದರೆ ಕೂರಲಿಲ್ಲ.

“ಅಕ್ಕಾರ, ಗುರುಪಾದನ್ನ ದಿನಾ ನೋಡ್ತೀರಿಲ್ಲೋ?” ಎಂದು ಕೇಳಿದರು.

“ಇದೇನ ಕೇಳ್ತೀಯೋ ದಸ್ತಗೀರ. ಎದ್ದ ಕೂಡಲೇ ಮಾರಿ ತೊಳಕೊಂಡು ಅವನ ಮುಂದ ಕುಂದರತೀನಿ. ಚಹಾನೂ ಆಮ್ಯಾಲೆ,” ಎಂದರು ಅತ್ತೆ.

“ಬೆಳ್ಳಗಾಗ್ಯಾನ್ರಿ.”

ಅತ್ತೆ ತಲೆ ಎತ್ತಿ ಗೋಡೆಯ ಕಡೆ ತಿರುಗಿದರು. ಅವರು ತಿರುಗಿದ್ದು ಕ್ಯಾಲೆಂಡರಿನ ಕಡೆಗೆ. ಫೋಟೋ ಅದರಿಂದ ಒಂದು ಮೊಳ ಆಚೆ ಇತ್ತು.

“ಮನ್ಯಾಗ ಬೆಳಕು ಕಡಿಮಿ ಆಗೈತಿ ಅನ್ಕೊಂಡಿದ್ದೆ,” ಎಂದರು. “ಹೊರಗ ಮೋಡ ಹಾಕಿಲ್ಲೇನು?”

“ಸುಡೋ ಬಿಸಲೈತ್ರಿ ಅಕ್ಕಾರ.”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತರು. ಆಚೆ ಊರಿನ ಡಾಕ್ಟರು ಕಣ್ಣಿನ ನರ ಒಣಗಿದೆ, ಹೋದ ನೋಟ ಹೋಯಿತು, ಇನ್ನು ಬೆಳಕು ನೆರಳು ಅಷ್ಟೇ ಎಂದು ಹೇಳಿದ್ದು ಆ ವಾರವೇ.

ಅದೇ ಮನೆಯಲ್ಲಿ ನಾನೂ ಇದ್ದೆ. ನನ್ನ ಕಣ್ಣು ಚೆನ್ನಾಗಿಯೇ ಇವೆ. ಫೋಟೋ ಬಿಳಿಚುತ್ತಿರುವುದು ನನಗೆ ಗೊತ್ತಾಗಿರಲಿಲ್ಲ, ಯಾಕೆಂದರೆ ನನ್ನ ಗಂಡ ಗುರುಪಾದ ಸತ್ತ ಮೇಲೆ ನಾನು ಆ ಗೋಡೆಯ ಕಡೆ ನೋಡಿರಲಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಬರುವಾಗ ನೆಲ ನೋಡುತ್ತಾ ಬರುತ್ತಿದ್ದೆ. ನೆಲದ ಯಾವ ಫರಸಿಕಲ್ಲು ಒಡೆದಿದೆ, ಯಾವುದರ ಸಂದಿಯಲ್ಲಿ ಇರುವೆ ಓಡಾಡುತ್ತವೆ, ಎಲ್ಲ ಹೇಳಬಲ್ಲೆ.

ನಮ್ಮೂರಿನಲ್ಲಿ ಫೋಟೋಗಳು ನೋಡುವವರಿದ್ದರೆ ಉಳಿಯುತ್ತವೆ. ವಾರಕ್ಕೊಮ್ಮೆಯಾದರೂ ಯಾರಾದರೂ ಕಣ್ಣಿಟ್ಟು ನೋಡಬೇಕು, ಇಲ್ಲದಿದ್ದರೆ ಬಿಳಿಚುತ್ತವೆ. ಬಿಳಿಚಿದ್ದನ್ನು ಮತ್ತೆ ನೋಡಿದರೆ ಬಣ್ಣ ಏರುತ್ತದೆ. ಪೂರ್ತಿ ಬಿಳಿಯಾದದ್ದು ಮರಳುವುದಿಲ್ಲ. ಪ್ರತಿ ತೆಗೆಸಿಟ್ಟರೂ ಪ್ರಯೋಜನವಿಲ್ಲ, ಒಂದು ಫೋಟೋದ ಪ್ರತಿಗಳೆಲ್ಲ ಒಟ್ಟಿಗೆ ಬಿಳಿಚುತ್ತವೆ, ಒಟ್ಟಿಗೆ ಬಣ್ಣ ಏರುತ್ತವೆ. ಸೋಮವಾರ ನೋಡುವ ದಿನ. ಅಂದು ಮಕ್ಕಳು ಮುತ್ತಜ್ಜ ಮುತ್ತಜ್ಜಿಯರನ್ನೆಲ್ಲ ನೋಡಿ ಮುಗಿಸಿದ ಮೇಲೆಯೇ ಅವರ ತಟ್ಟೆಗೆ ಉಪ್ಪಿಟ್ಟು ಬೀಳುವುದು. ಬಸ್ಸಿನಲ್ಲಿ ಪಕ್ಕದವರು ಪಾಸು ಚಾಚಿ, “ನಂದೊಂದೀಟು ನೋಡ್ರಿ, ನಿಮ್ದು ಕೊಡ್ರಿ,” ಎನ್ನುತ್ತಾರೆ. ಚುನಾವಣೆಯಲ್ಲಿ ಯಾರು ಸೋಲುತ್ತಾರೆ ಎಂದು ಮತ ಎಣಿಸುವ ಮೊದಲೇ ಪೋಸ್ಟರುಗಳು ಹೇಳಿಬಿಡುತ್ತವೆ. ಸಂಬಂಧ ಕೂಡಿಸುವಾಗ ಹಿರಿಯರು ಹೊಲ ಮನೆ ವಿಚಾರಿಸಿದ ಮೇಲೆ, ಮನೆಯಲ್ಲಿ ನೋಡುವವರು ಎಷ್ಟು ಮಂದಿ ಎಂದು ಕೇಳುತ್ತಾರೆ.

ಇನ್ನೊಂದು ಸಂಗತಿ. ಎಲ್ಲಿ ನೋಡುತ್ತೇವೋ ಅಷ್ಟೇ ಉಳಿಯುತ್ತದೆ. ನಮ್ಮ ಮದುವೆಯ ಆಲ್ಬಮ್ಮನ್ನು ಓಣಿಯ ಹೆಂಗಸರೆಲ್ಲ ಆಸೆಯಿಂದ ತಿರುವಿದ್ದರು. ಅದರಲ್ಲಿ ಈಗ ನನ್ನ ಸರ, ಬಳೆ, ಸೀರೆಯ ಅಂಚು ಉಳಿದಿವೆ. ಗುರುಪಾದ ನಿಂತಿದ್ದ ಜಾಗದಲ್ಲಿ ಒಂದು ಕೈಗಡಿಯಾರ ಇದೆ.

ಹಾಗಾಗಿ ಅವನದೆಂದು ಉಳಿದದ್ದು ಗೋಡೆಯ ಮೇಲಿನ ಒಂದೇ ಫೋಟೋ. ನೀರಿನ ಟಾಕಿಯ ಕೆಳಗೆ ನನ್ನ ಹಳೆಯ ಫೋನಿನಲ್ಲಿ ನಾನೇ ತೆಗೆದದ್ದು, ಆ ಫೋನು ಈಗಿಲ್ಲ. ಅವನು ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲೇ ಕರೆಂಟು ಹೊಡೆಯಿತು. ಮರುದಿನವೂ ಊರಿಗೆ ನೀರು ಬಂತು, ಬೇರೆಯವರು ಬಿಟ್ಟರು. ಆಗ ಓಣಿಯವರು ಸರದಿ ಹಾಕಿಕೊಂಡು ಬಂದು ಫೋಟೋ ನೋಡಿಹೋದರು. ಆಮೇಲೆ ಬರುವುದು ಕಡಿಮೆಯಾಯಿತು. ತಪ್ಪೇನಿಲ್ಲ, ಅವರವರ ಗೋಡೆ ಅವರಿಗಿದೆ. ಅತ್ತೆ ಇದ್ದರಲ್ಲ ಎಂದು ನಾನೂ ನಿಶ್ಚಿಂತಳಾಗಿದ್ದೆ.

“ನಾ ಸ್ಟುಡಿಯೋಕ್ಕ ಒಯ್ತೀನಿ, ಅಲ್ಲಿ ಹೋಗೋರು ಬರೋರು ನೋಡ್ತಾರ,” ಎಂದರು ಚಾಚಾ.

“ಅಂವ ಮನಿ ಬಿಟ್ಟು ಹೋಗೋದು ಬ್ಯಾಡ,” ಎಂದರು ಅತ್ತೆ. ಚಾಚಾ ನನ್ನ ಕಡೆ ನೋಡಿದರು. ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ. ನೋಡಿದರೆ ನನಗೆ ಏನಾಗುತ್ತದೆ ಎಂದು ಗೊತ್ತಿರಲಿಲ್ಲ. ನೋಡದಿದ್ದರೆ ಫೋಟೋಕ್ಕೆ ಏನಾಗುತ್ತದೆ ಎಂಬುದು ಗೊತ್ತಿತ್ತು.

ಕಪ್ಪು ತೊಳೆಯುವಾಗ ಓದುವ ಕಾಲದ ಒಂದು ಸ್ಕ್ರಿಪ್ಟ್ ನೆನಪಾಯಿತು.

ಯೂನಿವರ್ಸಿಟಿಯಲ್ಲಿ ನಾನು ಓದಿದ್ದು ಗ್ರಂಥಾಲಯ ವಿಜ್ಞಾನ. ಅದರಲ್ಲಿ ವೆಬ್‌ಸೈಟ್ ಕಟ್ಟುವುದನ್ನೂ ಒಂದಿಷ್ಟು ಕಲಿಸಿದ್ದರು. ಫೋಟೋ ಆಲ್ಬಮ್ ಕಟ್ಟುವ ಸ್ಕ್ರಿಪ್ಟ್, ಅಂದರೆ ಸಿದ್ಧ ಪ್ರೋಗ್ರಾಮು, ಒಂದಿತ್ತು, ಉಚಿತವಾಗಿ ಸಿಗುವುದು. ಅದನ್ನು ಇಳಿಸಿಕೊಂಡು, ಸರ್ವರಿನಲ್ಲಿ ಒಂದು ಜಾಗ ಪಡೆದು ಅಲ್ಲಿ ಏರಿಸಿ, ಡೇಟಾಬೇಸಿನ ಹೆಸರು, ಪಾಸ್‌ವರ್ಡು ತುಂಬಿದರೆ ಆಲ್ಬಮ್ ಸಿದ್ಧ. ಫೋಟೋ ಹಾಕುತ್ತ ಹೋದರೆ ಸಾಕು, ಪುಟಗಳನ್ನು ಅದೇ ಮಾಡಿಕೊಳ್ಳುತ್ತದೆ. ಜಗತ್ತಿನ ಯಾವ ಮೂಲೆಯಲ್ಲಿ ಕೂತವರಾದರೂ ನೋಡಬಹುದು. ಅವರು ಅಲ್ಲಿ ನೋಡಿದರೆ ನಮ್ಮ ಗೋಡೆಯ ಮೇಲೆ ಬಣ್ಣ ಉಳಿಯುತ್ತದೆ. ನಾನು ನೋಡಬೇಕಾಗಿಲ್ಲ.

ನಾನು ಕೆಲಸ ಮಾಡುವ ಗ್ರಂಥಾಲಯದ ಹಳೆಯ ಲ್ಯಾಪ್‌ಟಾಪನ್ನು ಕೇಳಿ ಮನೆಗೆ ತಂದೆ. ಮೊದಲ ಸಲ ತೆರೆದಾಗ ಪುಟ ಪೂರ್ತಿ ಬಿಳಿಯಾಗಿ ಬಂತು. ನಮ್ಮೂರಿನವರಿಗೆ ಬಿಳಿ ಪುಟ ಕಂಡರೆ ಎದೆ ಧಸಕ್ಕೆನ್ನುತ್ತದೆ. ಪಕ್ಕದಲ್ಲಿ ಕೂತಿದ್ದ ಅತ್ತೆಗೆ ಹೇಳಲಿಲ್ಲ. ಪಾಸ್‌ವರ್ಡಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಸರಿಪಡಿಸಿದೆ, ಪುಟ ಬಂತು. ಆಮೇಲೆ ಫೋಟೋ ಇಡುವ ಫೋಲ್ಡರಿಗೆ ಬರೆಯುವ ಅನುಮತಿ ಇಲ್ಲವೆಂದು ಹಟ ಮಾಡಿತು. ಅದನ್ನೂ ಕೊಟ್ಟೆ. ಇಂಥ ಕೆಲಸ ನನಗೆ ಹಿತವಾಗಿತ್ತು. ಏನು ತಪ್ಪಾಗಿದೆ ಎಂದು ಅದೇ ಹೇಳುತ್ತದೆ, ತಿದ್ದಿದರೆ ಸರಿಯಾಗುತ್ತದೆ.

“ಇದಕ್ಕ ರೊಕ್ಕ ಕೊಡಬೇಕೇನು?” ಎಂದು ಕೇಳಿದರು ಅತ್ತೆ.

“ಇಲ್ರಿ ಅತ್ತಿ. ಯಾರೋ ಬರದು ಹಂಗ ಬಿಟ್ಟಾರ. ಎಲ್ಲಾರೂ ಬಳಸ್ಲಿ ಅಂತ.”

“ಯಾಂವ ಅಂವ?”

“ನೋಡಿಲ್ರಿ. ಎಲ್ಲಾ ಪುಟದ ಕೆಳಗ ಅವರ ಹೆಸರು ಬರತೈತಿ. ಅದನ್ನೊಂದು ಅಳಿಸಬ್ಯಾಡ್ರಿ ಅಂತ ಬರದಾರ, ಅಷ್ಟ.”

“ಪಾಪ. ಅವನ ಊರಾಗೂ ಹಿಂಗ ಇರಬೇಕು,” ಎಂದರು ಅತ್ತೆ. “ಹೆಸರು ಇರಲಿ ಬಿಡು. ಸ್ವಲ್ಪ ದೊಡ್ಡದು ಮಾಡು ಬೇಕಾದ್ರ.”

ಫೋಟೋವನ್ನು ಗೋಡೆಯಿಂದ ಇಳಿಸಿ, ಕಟ್ಟು ಬಿಚ್ಚಿ ಸ್ಕ್ಯಾನ್ ಮಾಡಿದ್ದು ಚಾಚಾ. ಯಂತ್ರವನ್ನು ಸ್ಟುಡಿಯೋದಿಂದ ಸೈಕಲ್ಲಿನ ಮೇಲೆ ಕಟ್ಟಿಕೊಂಡು ಬಂದಿದ್ದರು, ಅತ್ತೆಯ ಮಾತಿಗೆ. ಅಷ್ಟು ಹೊತ್ತು ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕಿದೆ. ಫೈಲಿಗೆ ಟಾಕಿ ಎಂದು ಹೆಸರಿಟ್ಟು ಕೊಟ್ಟರು. ಏರಿಸುವಾಗ ಪರದೆಯ ಮೇಲೆ ಹೆಸರಷ್ಟೇ ಕಾಣುವಂತೆ ಮಾಡಿಕೊಂಡಿದ್ದೆ. ಫೋಟೋದ ಕೆಳಗೆ ವಿವರ ಬರೆಯಲು ಒಂದು ಖಾಲಿ ಚೌಕ ಇತ್ತು. ವಿವರ ಬರೆಯುವುದೇ ನಾನು ಕಲಿತ ವಿದ್ಯೆ. ಖಾಲಿ ಬಿಟ್ಟೆ.

ಸುದ್ದಿ ಹರಡಲು ಚಾಚಾ ಒಬ್ಬರೇ ಸಾಕಾದರು. ಮೊದಲು ಅವರೇ ಸ್ಟುಡಿಯೋದಲ್ಲಿ ಯಾರೂ ಒಯ್ಯದೆ ಉಳಿದಿದ್ದ ಫೋಟೋಗಳನ್ನು ತಂದರು. ಆಮೇಲೆ ಊರಿನವರು ಒಬ್ಬೊಬ್ಬರಾಗಿ ಬಂದರು. ಮನೆಯಲ್ಲಿ ನೋಡುವವರಿಲ್ಲದವರು, ದೊಡ್ಡ ಗೋಡೆಯಿದ್ದು ಬಿಡುವಿಲ್ಲದವರು. ಗ್ರಂಥಾಲಯ ಮುಗಿಸಿ ಬಂದು ನಾನು ಅವನ್ನೆಲ್ಲ ಏರಿಸುತ್ತಿದ್ದೆ. ಪುಟದ ಮೂಲೆಯಲ್ಲಿ ಎಷ್ಟು ಜನ ಬಂದರು ಎಂದು ತೋರಿಸುವ ಅಂಕಿ ಏರುತ್ತ ಹೋಯಿತು. ಎಲ್ಲೆಲ್ಲಿಂದಲೋ ಬಂದರು. ನಮ್ಮೂರಿನವರು ದಿನಾ ಸಂಜೆ ಸ್ಟುಡಿಯೋದ ಕಟ್ಟೆಯ ಮೇಲೆ ಕೂತು ಇವತ್ತು ಎಷ್ಟಾಯಿತು ಎಂದು ಕೇಳುತ್ತಿದ್ದರು. ಸೋಮವಾರದ ಉಪ್ಪಿಟ್ಟು ಮಕ್ಕಳ ತಟ್ಟೆಗೆ ಬೇಗ ಬೀಳತೊಡಗಿತು. ಕೆಲವರು ಫೋಟೋ ಒರೆಸುವುದನ್ನೂ ಬಿಟ್ಟರು.

“ಗುರುಪಾದ ಹೆಂಗದಾನ?” ಎಂದು ಅತ್ತೆ ದಿನಾ ಕೇಳುತ್ತಿದ್ದರು.

ನಾನು ಅಂಕಿ ನೋಡಿ, “ಭಾಳ ಮಂದಿ ನೋಡ್ಯಾರ್ರಿ,” ಎನ್ನುತ್ತಿದ್ದೆ.

ಒಂದು ಸಂಜೆ ತೋಟಪ್ಪ ಮಾಸ್ತರರು ತಮ್ಮ ತಂದೆಯ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಸ್ಟುಡಿಯೋಕ್ಕೆ ಬಂದರು. ನಾನು ಅಲ್ಲೇ ಇದ್ದೆ.

“ಇದನ್ನ ನೋಡವಾ ತಂಗಿ. ನಮ್ಮಪ್ಪಂದು ಮೀಸಿ ಅಂದ್ರ ನಾಕು ಊರಿಗೆ ಗೊತ್ತಿತ್ತು. ಎಲ್ಲಿ ಹೋತು?”

ಫೋಟೋದಲ್ಲಿ ಕೋಟು ಇತ್ತು, ರುಮಾಲು ಇತ್ತು, ನಡುವೆ ಮುಖದ ಬಣ್ಣದ ಒಂದು ದುಂಡನೆಯ ಆಕಾರ ಇತ್ತು. ಬಿಳಿಚಿರಲಿಲ್ಲ. ಆದರೆ ಕಣ್ಣು ಎಲ್ಲಿ, ಮೂಗು ಎಲ್ಲಿ ಎಂದು ಹೇಳುವ ಹಾಗಿರಲಿಲ್ಲ.

“ಬೋಳಿಸ್ಕೊಂಡಿರಬೇಕ್ರಿ ಮಾಸ್ತರ,” ಎಂದರು ಚಾಚಾ.

“ಸತ್ತ ಮ್ಯಾಲೆ ಬೋಳಿಸ್ಕೊಂತಾರೇನೋ?”

ಅಷ್ಟರಲ್ಲಿ ಹಿಟ್ಟಿನ ಗಿರಣಿಯ ಮಲ್ಲವ್ವನೂ ಬಂದಳು. ಅಕ್ಕತಂಗಿಯರೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೋ ಅವಳ ಕೈಯಲ್ಲಿತ್ತು. “ಇದರಾಗ ನಾ ಯಾವಾಕಿ ಅಂತ ನನಗ ಗೊತ್ತಾಗವಲ್ದು ನೋಡ. ಎಲ್ಲಾರೂ ಒಂದ ಗೊಂಬಿ ಆಗೇವಿ,” ಎಂದು ಹೇಳಿ, “ಸೀರಿ ಮ್ಯಾಲಿಂದ ಗುರ್ತ ಹಿಡಿಯೂಣು ಅಂದ್ರ ಅವತ್ತ ಎಲ್ಲಾರಿಗೂ ಒಂದ ಥಾನಿನ ಅರಿವಿ ಹರದು ಕೊಟ್ಟಿದ್ರು ನಮ್ಮಪ್ಪ,” ಎಂದಳು.

ಯಾರೂ ನನ್ನನ್ನು ಬೈಯಲಿಲ್ಲ. ಗಂಡ ಸತ್ತವಳನ್ನು ಬೈಯಲು ಜನ ಹಿಂಜರಿಯುತ್ತಾರೆ. ಬೈದಿದ್ದರೆ ಚೆನ್ನಾಗಿತ್ತು.

ತಪ್ಪು ಎಲ್ಲಿ ಎಂದು ಮನೆಗೆ ಬಂದು ಆಲ್ಬಮ್ಮಿನಲ್ಲಿ ಹೆಸರು, ಅಂಕಿ ಮಾತ್ರ ಇರುವ ಪುಟ ತೆರೆದಾಗ ತಿಳಿಯಿತು. ಸ್ಕ್ರಿಪ್ಟು ಪ್ರತಿಯೊಂದು ಫೋಟೋಕ್ಕೂ ಒಂದು ಪುಟಾಣಿ ಪ್ರತಿ ಮಾಡುತ್ತದೆ, ಥಂಬ್‌ನೇಲ್ ಎನ್ನುತ್ತಾರೆ. ಮೊದಲ ಪುಟದಲ್ಲಿ ಅವೆಲ್ಲ ಚೌಕಾಬಾರದ ಮನೆಗಳ ಹಾಗೆ ಸಾಲಾಗಿ ಕೂರುತ್ತವೆ. ಬೇಕಾದದ್ದನ್ನು ಒತ್ತಿದರೆ ದೊಡ್ಡದು ತೆರೆಯುತ್ತದೆ. ಬಂದ ಅಷ್ಟೂ ಜನ ಮೊದಲ ಪುಟದ ಮೇಲೆ ಕಣ್ಣಾಡಿಸಿ ಹೋಗುತ್ತಿದ್ದರು. ಒತ್ತಿದವರು ಇಲ್ಲವೆನ್ನುವಷ್ಟು ಕಡಿಮೆ. ಉಗುರಿನಷ್ಟರಲ್ಲಿ ಎಷ್ಟು ಕಾಣುತ್ತದೋ ಅಷ್ಟನ್ನೇ ಅವರು ನೋಡಿದ್ದರು. ಗೋಡೆಗಳ ಮೇಲೆ ಅಷ್ಟೇ ಉಳಿದಿತ್ತು. ಬೇರೆ ಊರಿನವರು ಮಾಡಿದ ಸ್ಕ್ರಿಪ್ಟಿನಲ್ಲಿ ನಮ್ಮೂರಿಗೆ ಬೇಕಾದದ್ದು ಇರುತ್ತದೆ ಎಂದು ನಿರೀಕ್ಷಿಸುವಂತಿಲ್ಲ.

ಥಂಬ್‌ನೇಲ್ ತೆಗೆದುಹಾಕಿದೆ. ಒಂದು ಪುಟಕ್ಕೆ ಒಂದೇ ಫೋಟೋ, ಪರದೆಯ ಅಗಲಕ್ಕೆ. ಮುಂದಿನದು ಬೇಕಾದರೆ ಇದನ್ನು ದಾಟಿಯೇ ಹೋಗಬೇಕು. ಬರುವವರ ಅಂಕಿ ಧಡಕ್ಕನೆ ಇಳಿಯಿತು. ಊರಿನವರು ಮತ್ತೆ ಸೋಮವಾರ ಫೋಟೋ ಇಳಿಸಿ ಮಕ್ಕಳ ಮುಂದೆ ಹಿಡಿದರು. ಮಾಸ್ತರರು ರಜೆ ಹಾಕಿದವರಂತೆ ಎಲ್ಲ ಕೆಲಸ ಬಿಟ್ಟು ತಂದೆಯ ಎದುರು ಕೂತರು. ಮೀಸೆಯ ಎಡಭಾಗ ಮೊದಲು ಬಂತಂತೆ. ಬಲಭಾಗ ಬರುವವರೆಗೆ ಅವರ ಮನೆಯಲ್ಲಿ ಯಾರೂ ನಗುವಂತಿರಲಿಲ್ಲ ಎಂದು ಚಾಚಾ ಹೇಳಿದರು.

ನಮ್ಮ ಮನೆಯಲ್ಲಿ ಕೂತು ನೋಡುವವರು ಇರಲಿಲ್ಲ. ನನ್ನ ಮಟ್ಟಿಗೆ ಇದ್ದದ್ದು ಆ ಇಳಿದ ಅಂಕಿ.

ಆಗ ಒಂದು ಟಿಪ್ಪಣಿ ಬಂತು. ನೋಡಿದವರು ಫೋಟೋದ ಕೆಳಗೆ ಏನಾದರೂ ಬರೆಯಲು ಸ್ಕ್ರಿಪ್ಟಿನಲ್ಲಿ ಅವಕಾಶವಿತ್ತು. ಅದನ್ನು ಮುಚ್ಚಬೇಕೆಂದು ನನಗೆ ಹೊಳೆದಿರಲಿಲ್ಲ. ಬರೆದದ್ದು ನನ್ನ ಮೇಲ್‌ಗೆ ಬರುತ್ತಿತ್ತು, ಅಕ್ಷರ ಮಾತ್ರ, ಫೋಟೋ ಇಲ್ಲದೆ. ಟಾಕಿ ಎಂಬ ಫೋಟೋದ ಕೆಳಗೆ ರತ್ನಾವತಿ ಎಂಬವರು ಬರೆದಿದ್ದರು.

“ಇವರು ಬೆನ್ನ ಹಿಂದೆ ಏನು ಹಿಡಿದುಕೊಂಡಿದ್ದಾರೆ? ಹೂವಿನ ಪೊಟ್ಟಣ ಅಂತ ನಾನು. ಮಡಿಸಿದ ಕೊಡೆ ಅಂತ ನಮ್ಮ ಯಜಮಾನರು. ಸೋತವರು ಒಂದು ವಾರ ಪಾತ್ರೆ ತೊಳೆಯಬೇಕು ಅಂತ ಪಂಥ ಕಟ್ಟಿದ್ದೇವೆ. ದಯವಿಟ್ಟು ಉತ್ತರ ಕೊಡಿ.”

ಎರಡು ಸಲ ಓದಿದೆ. ಅವನು ಬೆನ್ನ ಹಿಂದೆ ಏನಾದರೂ ಹಿಡಿದಿದ್ದನೇ? ನೆನಪಾಗಲಿಲ್ಲ. ಆ ದಿನದ ಬಿಸಿಲು ನೆನಪಿತ್ತು, ಟಾಕಿಯ ಕಂಬದ ನೆರಳು ನೆನಪಿತ್ತು. ಯಾರೋ ಗಂಡ ಹೆಂಡತಿ ಯಾವುದೋ ಊರಿನಲ್ಲಿ ಒಂದೇ ಪರದೆಯ ಎದುರು ಭುಜಕ್ಕೆ ಭುಜ ತಾಗಿಸಿ ಕೂತು ನನ್ನ ಗಂಡನ ಕೈಯ ಬಗ್ಗೆ ಜಗಳಾಡುತ್ತಿದ್ದರು. ಮೇಲ್ ಮುಚ್ಚಿಟ್ಟೆ.

ಕೆಲವು ದಿನಗಳ ಮೇಲೆ ಮತ್ತೆ ಬರೆದರು. “ನಿಮ್ಮ ಉತ್ತರ ಬರಲಿಲ್ಲ. ನಾವು ದಿನಾ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದೇವೆ. ಕೈಯಲ್ಲಿರುವುದು ಮೊದಲಿಗಿಂತ ಚೆನ್ನಾಗಿ ಕಾಣುತ್ತಿದೆ. ಕಂದು ಬಣ್ಣ, ಏನೋ ಪಟ್ಟಿ ಇರುವ ಹಾಗಿದೆ. ಆದರೆ ಅವರ ಮುಖ ಯಾಕೋ ಮಂಜಾಗುತ್ತಿದೆ. ನಮ್ಮ ಕಂಪ್ಯೂಟರಿನ ತೊಂದರೆ ಇರಬಹುದೇ?”

ಅವರ ಕಂಪ್ಯೂಟರಿನ ತೊಂದರೆಯಲ್ಲ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಚಾಚಾರನ್ನು ಕರೆದುಕೊಂಡು ಬಂದೆ. ಅವರು ಗೋಡೆಯ ಎದುರು ನಿಂತರು. ನಾನು ಅವರ ಮುಖ ನೋಡುತ್ತ ನಿಂತೆ.

“ಕೈ ಅದ ನೋಡು, ಹ್ವಾದ ವಾರ ತೆಗದಂಗ ಐತಿ,” ಎಂದರು ಮೆಲ್ಲಗೆ. “ಮಾರಿ ಹೊಂಟೈತಿ ಮಗಳ.”

“ಎಷ್ಟ?”

“ಗುರುತಿದ್ದವರಿಗೆ ಗುರುತು ಸಿಗತೈತಿ. ಮುಂದಿನ ಸೋಮವಾರಕ್ಕ ಸಿಗೂದಿಲ್ಲ.” ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು. “ನಾ ನೋಡ್ತೀನಿ. ಆದ್ರ ನನ್ನ ಗೋಡಿ ನಿನಗ ಗೊತ್ತಲ್ಲ, ಅಲ್ಲಿ ಅರ್ಧ ಊರ ಐತಿ. ದಿನಾ ಬರಾಕ ಆಗತೈತೋ ಇಲ್ಲೋ. ಆ ಹೆಣ್ಮಗಳಿಗೆ ಬರದು ಹೇಳು. ಕೈ ಬಿಡ್ರಿ, ಮಾರಿ ನೋಡ್ರಿ ಅಂತ.”

“ಯಾಕ ಅಂತ ಕೇಳಿದ್ರ ಏನ ಹೇಳ್ಲಿ ಚಾಚಾ?”

ಚಾಚಾ ಕನ್ನಡಕ ಮತ್ತೆ ಹಾಕಿಕೊಂಡರು.

ಅತ್ತೆ ಮೂಲೆಯ ಮಂಚದ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕಣ್ಣು ಹೋದ ಮೇಲೆ ಅವರ ಬೆರಳು ಬೇಗ ಕಲಿತಿದ್ದವು. ಸುಲಿಯುವುದು ನಿಂತಿತು.

“ಯಾವ ಕೈ?”

ರತ್ನಾವತಿ ಬರೆದದ್ದನ್ನು ಓದಿ ಹೇಳಿದೆ. ಹೂವಿನ ಪೊಟ್ಟಣ, ಕೊಡೆ, ಪಾತ್ರೆ ತೊಳೆಯುವ ಪಂಥ, ಎಲ್ಲ. ಅತ್ತೆ ಬಾಯಿ ತುಸು ತೆರೆದು ಕೇಳಿಸಿಕೊಂಡರು.

“ಅಂವ ಕೈಯಾಗ ಏನೋ ಹಿಡಕೊಂಡಿದ್ದನೇನು?” ಎಂದರು. “ಅಷ್ಟ ದಿನಾ ನೋಡೇನಿ ನೋಡು. ಮಾರಿ, ಕೊಳ್ಳ ಬಿಟ್ಟು ಕೆಳಗ ಇಳದಿಲ್ಲ ನನ್ನ ಕಣ್ಣು. ಕೈ ಐತಿ ಅಂತ ಸೈತ ಗೊತ್ತಿಲ್ಲ ನನಗ.”

ಚಾಚಾ ಕೆಮ್ಮಿದರು.

“ನೀ ಹೇಳಬ್ಯಾಡ ದಸ್ತಗೀರ,” ಎಂದರು ಅತ್ತೆ. ಅವರ ಮುಖ ನನ್ನ ಧ್ವನಿ ಬಂದ ಕಡೆಗೆ ತಿರುಗಿತ್ತು. “ಇಂದೂ. ನನ್ನ ಮಗನ ಕೈಯಾಗ ಏನೈತಿ ನೋಡಿ ಹೇಳವಾ. ನನಗ ಗೊತ್ತಿಲ್ಲದ್ದು ಒಂದರ ಉಳದೈತಿ ಅವಂದು.”

ಚಾಚಾ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬಾಗಿಲನ್ನು ತಾವೇ ಎಳೆದುಕೊಂಡರು.

ನಾನು ಗೋಡೆಯ ಹತ್ತಿರ ಹೋಗಿ, ನೆಲ ನೋಡುತ್ತಲೇ, ಕೈ ಎತ್ತಿ ಫೋಟೋ ಇಳಿಸಿದೆ. ಮಂಚದ ಮೇಲೆ ಅತ್ತೆಯ ಪಕ್ಕ ಕೂತೆ. ಅವರು ಅವರೆಯ ಮೊರ ಸರಿಸಿ, ಫೋಟೋದ ಒಂದು ಅಂಚನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಇನ್ನೊಂದು ಅಂಚು ನನ್ನ ತೊಡೆಯ ಮೇಲಿತ್ತು.

ಮೊದಲು ಕೆಳಗಿನ ಮೂಲೆ ನೋಡಿದೆ. ಟಾಕಿಯ ಕಂಬದ ಬುಡ ಇರಬೇಕಾದ ಜಾಗ ಬಿಳಿ. ಪ್ಯಾಂಟು ಬಿಳಿ. ಸೊಂಟದ ಹತ್ತಿರ ಮಡಿಸಿದ ಮೊಣಕೈ, ನೀಲಿ ಅಂಗಿಯ ತೋಳು, ಅದರ ಹಿಂದಿನಿಂದ ಇಣುಕುವ ಕಂದು ಬಣ್ಣದ್ದೊಂದು ಮೂಲೆ. ಬೆನ್ನ ಹಿಂದೆ ಮುಚ್ಚಿಡಲು ನೋಡಿದ್ದ, ಪೂರ್ತಿ ಮುಚ್ಚಿರಲಿಲ್ಲ. ಹರಿದ ಪಟ್ಟಿಯೊಂದು ಜೋತು ಬಿದ್ದಿತ್ತು.

“ಚಪ್ಪಲಿರಿ ಅತ್ತಿ,” ಎಂದೆ.

“ಕೈಯಾಗ ಚಪ್ಪಲಿ ಯಾಕ? ಯಾರನ್ನ ಹೊಡ್ಯಾಕ ಹೊಂಟಿದ್ದ?”

“ನಂದು. ಹರದಿತ್ತು.”

ಆಗ ಎಲ್ಲ ನೆನಪಾಯಿತು. ಟಾಕಿಯ ಮೇಲೆ ಹತ್ತಿಸಿ ಊರು ತೋರಿಸುತ್ತೇನೆಂದು ಕರೆದೊಯ್ದಿದ್ದ. ದಾರಿಯಲ್ಲಿ ನನ್ನ ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತಿತು. ಬಿಸಾಕುತ್ತೇನೆ ಎಂದರೆ ಕೇಳದೆ, ಹೊಲಿಸಿಕೊಡುತ್ತೇನೆ ಎಂದು ಕೈಯಲ್ಲಿ ಹಿಡಿದುಕೊಂಡು ನಡೆದ. ನಾನು ಫೋನು ತೆಗೆದು ಇಲ್ಲಿ ನಿಲ್ಲು ಎಂದಾಗ ಅದನ್ನು ಬೆನ್ನ ಹಿಂದೆ ಸರಿಸಿದ. ಯಾಕೆ ಎಂದು ಕೇಳಿದೆ. “ಚಪ್ಪಲಿ ಹಿಡಕೊಂಡು ನಿಂತ್ರ ಮಂದಿ ನನ್ನ ಬಿಟ್ಟು ಚಪ್ಪಲೀನ ನೋಡ್ತಾರ. ಆಮ್ಯಾಲೆ ಗ್ವಾಡಿ ಮ್ಯಾಲೆ ನಿನ್ನ ಚಪ್ಪಲಿ ಒಂದ ಉಳೀತೈತಿ ನೋಡು,” ಎಂದ. ನಾನು ನಗುವಾಗ ಫೋನು ಅಲುಗಿತು. ನಾನು ನಿಂತದ್ದು ಒಂದು ಕಾಲಿನ ಮೇಲೆ, ನೆಲ ಸುಡುತ್ತಿತ್ತು.

ಇದನ್ನು ಅತ್ತೆಗೆ ಹೇಳಿದೆ. ಹೇಳುವಾಗ ನನ್ನ ಧ್ವನಿ ಎಂದಿನಂತೆಯೇ ಇತ್ತು. ಅತ್ತೆ ಫೋಟೋದ ಗಾಜಿನ ಮೇಲೆ ಅಂಗೈ ಇಟ್ಟು ಕೇಳಿದರು.

“ಹಂಗಾತು ನೋಡು ಕಡೀಕೆ,” ಎಂದರು. ಆಮೇಲೆ ಕೈ ತೆಗೆದರು. “ಈಗ ಮ್ಯಾಲೆ ನೋಡು.”

ನಾನು ಚಪ್ಪಲಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

“ನಿನ್ನ ಕಣ್ಣು ನನಗ ಕೊಡು ಅನ್ನಾಕ ಬರೂದಿಲ್ಲ. ನನ್ನ ನೆನಪು ನಿನಗ ಕೊಡ್ತೀನಿ. ನಾ ಹೇಳಿದಲ್ಲಿ ನೋಡು. ಕೊಳ್ಳಾಗ ಮೊದಲು. ಕರೀ ದಾರದಾಗ ಲಿಂಗ ಐತಿ, ಅಂಗಿ ಗುಂಡಿ ಮ್ಯಾಲಿನದು ಹಾಕಿಲ್ಲ. ಕಾಣತೈತೇನು?”

ತೋಳಿನಿಂದ ಭುಜಕ್ಕೆ, ಭುಜದಿಂದ ಕೊರಳಿಗೆ ಹೋದೆ. ಬೂದಿ ಬಣ್ಣದ ಒಂದು ಎಳೆ ಇತ್ತು. ನೋಡುತ್ತಿದ್ದಂತೆ ಕಪ್ಪಾಯಿತು.

“ಕಾಣತೈತ್ರಿ.”

“ಗದ್ದ. ಅವತ್ತ ಸರಿಯಾಗಿ ಬೋಳಿಸಿಲ್ಲ, ಒಂದು ಕಡೆ ಬಿಟ್ಟಾನ. ದಿನಾ ನೋಡಿ ಬೈತಿದ್ದೆ.”

“ಹೂಂ.”

“ಬಾಯಿ?”

“ಮುಚ್ಚಿಕೊಂಡಾರ. ನಗು ತಡಕೊಂಡಂಗ ಐತಿ.”

“ಅದನ್ನ ನಾ ಸಿಟ್ಟು ಅಂತ ತಿಳಿದಿದ್ದೆ,” ಎಂದರು ಅತ್ತೆ. “ಈಗ ಗೊತ್ತಾತು. ಎಡಗಡೆ ಹುಬ್ಬಿಗೆ ಬಾ. ಹುಬ್ಬಿನ ನಡುವ ಕೂದಲಿಲ್ಲದ ಒಂದು ಗೆರಿ ಐತಿ. ಸಣ್ಣವನಿದ್ದಾಗ ಹೊಸ್ತಿಲ ಬಡದದ್ದು.”

ಅಲ್ಲಿ ಹುಬ್ಬೇ ಕಾಣುತ್ತಿರಲಿಲ್ಲ. ತೆಳ್ಳನೆಯ ಬಿಳಿ ಮಂಜು ಇತ್ತು. ಇಲ್ಲ ಎಂದೆ.

“ಐತಿ. ಇನ್ನೂ ನೋಡು.”

“ಇಲ್ರಿ ಅತ್ತಿ.”

“ನಾ ಅವತ್ತ ಅರಿಶಿಣ ಒತ್ತಿ ಹಿಡದಿದ್ದೆ. ನನ್ನ ಬೆರಳಿನ ಕೆಳಗ ಆದ ಗೆರಿ ಅದು. ನೋಡು.”

ನೋಡಿದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ನಾನು ಅಳಲಿಲ್ಲ, ಅತ್ತರೆ ಕಣ್ಣು ಮಂಜಾಗುತ್ತದೆ ಎಂಬ ಯೋಚನೆ ಇತ್ತು. ಮಂಜಿನೊಳಗೆ ಒಂದು ಕೂದಲಿನಷ್ಟು ಕಪ್ಪು ಕಾಣಿಸಿತು. ಅದರ ಪಕ್ಕ ಇನ್ನೊಂದು. ನಡುವೆ ಸಣ್ಣ ಖಾಲಿ ಗೆರೆ. ಅದರ ಕೆಳಗೆ ಕಣ್ಣು ತೆರೆದುಕೊಂಡಿತು. ಅದು ಫೋನನ್ನು ನೋಡುತ್ತಿರಲಿಲ್ಲ. ತುಸು ಕೆಳಕ್ಕೆ, ಸುಡುವ ನೆಲದಿಂದ ಎತ್ತಿ ಹಿಡಿದ ನನ್ನ ಬರಿಗಾಲನ್ನು ನೋಡುತ್ತಿತ್ತು.

“ಬಂತ್ರಿ,” ಎಂದೆ.

ಅತ್ತೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. ಉಳಿದದ್ದನ್ನೂ ಒಂದೊಂದಾಗಿ ಹೇಳಿದರು. ಮೂಗು, ಹಣೆ, ಎಣ್ಣೆ ಹಚ್ಚದ ಕೂದಲು. ನಾನು ಹೋದಲ್ಲೆಲ್ಲ ಸ್ವಲ್ಪ ಸ್ವಲ್ಪ ಬಂತು. ಬಲಗಿವಿ ಮಾತ್ರ ಬರಲಿಲ್ಲ. ಅಲ್ಲಿ ಮಂಜಿರಲಿಲ್ಲ, ಕಾಗದ ಇತ್ತು. ತಡವಾಗಿತ್ತು.

“ಬಲಗಿವಿ ಹೋಗೈತ್ರಿ,” ಎಂದೆ.

ಅತ್ತೆ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ಅವರೆಕಾಯಿ ಸುಲಿದರು. ಕಾಳು ಮೊರಕ್ಕೆ ಬೀಳುವ ಸದ್ದಾಯಿತು.

“ಹೋಗ್ಲಿ ಬಿಡು,” ಎಂದರು. “ಹೆಂಗೂ ನಾ ಹೇಳಿದ್ದು ಆ ಕಿವಿಯಾಗ ಎಂದೂ ಬಿದ್ದಿಲ್ಲ.”

ನನಗೆ ನಗು ಬಂತು. ಟಾಕಿಯ ಕೆಳಗೆ ಬಂದಂಥದ್ದಲ್ಲ. ಆದರೂ ಅದು ನಗುವೇ ಆಗಿತ್ತು, ಅತ್ತೆ ಗುರುತು ಹಿಡಿದರು.

ಫೋಟೋವನ್ನು ಮೊಳೆಗೆ ತೂಗುಹಾಕಿದೆ. ಲ್ಯಾಪ್‌ಟಾಪ್ ತಂದು ಮಂಚದ ಮೇಲೆ ಇಟ್ಟು ಆಲ್ಬಮ್ ತೆರೆದೆ. ಈ ಸಲ ಹೆಸರುಗಳ ಸಾಲಿನಲ್ಲಿ ಅಲ್ಲ, ಬೇರೆ ಊರಿನ ಜನ ತೆರೆಯುವ ಹಾಗೆ. ಪರದೆಯ ಅಗಲಕ್ಕೆ ಬಂತು.

“ಆ ಹೆಣ್ಮಗಳಿಗೆ ಉತ್ತರ ಬರಿ ಮೊದಲು,” ಎಂದರು ಅತ್ತೆ. “ಕಾದಾಳ ಪಾಪ. ಯಾರು ಗೆದ್ದರು ಅಂತ ಬರೀತೀ?”

ರತ್ನಾವತಿಯವರ ಟಿಪ್ಪಣಿಯ ಕೆಳಗೆ ಬರೆದೆ. “ಅದು ನನ್ನ ಎಡಗಾಲಿನ ಚಪ್ಪಲಿ. ಇಬ್ಬರೂ ಸೋತಿದ್ದೀರಿ. ಪಾತ್ರೆ ಇಬ್ಬರೂ ಸೇರಿ ತೊಳೆಯಿರಿ.”